ಒಬ್ಬ ವಿದ್ಯಾರ್ಥಿ ಎರಡು ರೋಬೋಟಿಕ್ಸ್ ತಂಡಗಳಲ್ಲಿ ಇರಬಹುದಾ?

ಗಣಿತ ಮೇಷ್ಟ್ರು, ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ತಾವೇ ಯಂತ್ರ, ರೋಬೋಟ್ ಮಾಡಿ ಕಲಿಯುವ ಸರ್ಕಾರಿ ಯೋಜನೆಯ ಲ್ಯಾಬ್) ಬಂದ ಮೇಲೆ ಅದರ ಉಸ್ತುವಾರಿಯೂ ನನ್ನದೇ. ಈ ವರ್ಷ ಮಕ್ಕಳನ್ನು ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ಗೆ ಕಳಿಸಬೇಕು ಅಂತ ಹೊರಟಿದ್ದೇವೆ. ಎಲ್ಲರೂ ಡಬ್ಲ್ಯೂಆರ್‌ಒ ಅನ್ನುತ್ತಾರಲ್ಲ, ಅದೇ. ರೋಬೋಮಿಷನ್ ವಿಭಾಗ, ಅಂದರೆ ಮ್ಯಾಟ್ ಮೇಲೆ ರೋಬೋಟ್ ತಾನೇ ಓಡಿ ಕೊಟ್ಟ ಕೆಲಸ ಮಾಡುವುದು, ಜೂನಿಯರ್ ಗುಂಪು.

ಸಂಜೆ ಶಾಲೆ ಬಿಟ್ಟ ಮೇಲೂ ಲ್ಯಾಬಿನಲ್ಲಿ ಕೂರುವ ಮಕ್ಕಳು ಆರು ಜನ ಇದ್ದಾರೆ. ಎಲ್ಲರೂ ಎಂಟು, ಒಂಬತ್ತನೇ ಕ್ಲಾಸಿನವರು. ಮೂರು ಮೂರು ಮಾಡಿದರೆ ಎರಡು ತಂಡ ಸರಿಯಾಗಿ ಆಗುತ್ತದೆ. ತೊಂದರೆ ಇರುವುದು ಕೋಡಿಂಗ್‌ನಲ್ಲಿ. ಚಾಸಿಸ್ ಅಂದರೆ ರೋಬೋಟಿನ ಚೌಕಟ್ಟು ಕಟ್ಟೋದು, ಗೇರ್ ಹಾಕೋದು, ಸಾಮಾನು ಎತ್ತುವ ಕೈ ಮಾಡೋದು, ಇದೆಲ್ಲ ನಾಲ್ಕೈದು ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಪ್ರೋಗ್ರಾಂ ಬರೆಯುವುದು ಮಾತ್ರ ಒಬ್ಬಳೇ ಹುಡುಗಿಗೆ. ಅವಳ ಕೆಲಸ ನೋಡಬೇಕು ನೀವು. ಕಪ್ಪು ಗೆರೆ ಮೇಲೆ ಸೆನ್ಸರ್ ಇಟ್ಟು ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳುತ್ತಾಳೆ. ಬಿಳಿ ಮೇಲೆ ಇಟ್ಟು ಇನ್ನೊಂದು ಸಲ ಬರೆದುಕೊಳ್ಳುತ್ತಾಳೆ. ಎರಡರ ನಡುವಿನ ಸಂಖ್ಯೆ ಹಿಡಿದು ಗೆರೆ ಹಿಂದೆ ಹೋಗುವ ಪ್ರೋಗ್ರಾಂ ತಿದ್ದುತ್ತಾಳೆ. ಕರೆಂಟ್ ಹೋಗಿ ಟ್ಯೂಬ್‌ಲೈಟ್ ಆರಿದರೆ ಮತ್ತೆ ಮೊದಲಿಂದ ಅಳೆಯುತ್ತಾಳೆ. ಉಳಿದ ಐವರು ಸುಮ್ನೆ ಸುತ್ತ ನಿಂತು ನೋಡುತ್ತಾರೆ, ಅಷ್ಟೆ.

ಈಗ ನನ್ನ ಪ್ರಶ್ನೆ. ಅವಳ ಹೆಸರನ್ನು ಎರಡೂ ತಂಡಗಳಲ್ಲಿ ಕೊಡಬಹುದಾ? ಅದು ಆಗಲ್ಲ ಅನ್ನುವುದಾದರೆ ಹೆಸರು ಒಂದೇ ಕಡೆ ಇಟ್ಟು, ಇನ್ನೊಂದು ತಂಡದ ಪ್ರೋಗ್ರಾಂ ಕೂಡ ಅವಳೇ ಬರೆದುಕೊಟ್ಟರೆ ತಪ್ಪಾಗುತ್ತದಾ? ಎರಡೂ ಒಂದೇ ಶಾಲೆಯ ತಂಡಗಳು, ಕಿಟ್ ಹಂಚಿಕೊಳ್ಳುತ್ತೇವೆ, ಅಭ್ಯಾಸದ ಮ್ಯಾಟ್ ಕೂಡ ಒಂದೇ. ಮೂರನೇ ದಾರಿ ಅಂದರೆ ಒಂದೇ ತಂಡ ಕಳಿಸುವುದು. ಹಾಗೆ ಮಾಡಿದರೆ ಮೂವರು ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ, ಅದಕ್ಕೆ ನನಗೆ ಮನಸ್ಸಿಲ್ಲ. ಅವರ ಅಪ್ಪ ಅಮ್ಮಂದಿರೂ ದಿನಾ ಕೇಳುತ್ತಿದ್ದಾರೆ.

ನಿಯಮ ಗೊತ್ತಿರುವವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ. ಬೇರೆ ಸ್ಪರ್ಧೆಗಳಲ್ಲಿ ಹೇಗಿದೆ ಅನ್ನುವುದೂ ಬೇಕು, ಮುಂದಿನ ವರ್ಷ ಬೇರೆ ಕಡೆಗೂ ಕಳಿಸುವ ಆಸೆ ಇದೆ.

---

ತೀರ್ಪುಗಾರ, ಬೆಂಗಳೂರು

ಮೇಷ್ಟ್ರೇ, ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಆಗಲ್ಲ. ಡಬ್ಲ್ಯೂಆರ್‌ಒ ಸಾಮಾನ್ಯ ನಿಯಮಗಳಲ್ಲೇ ಇದೆ. ಒಂದು ತಂಡದಲ್ಲಿ 2 ಅಥವಾ 3 ವಿದ್ಯಾರ್ಥಿಗಳು ಇರಬೇಕು, ಜೊತೆಗೆ ಒಬ್ಬ ಕೋಚ್. ಒಬ್ಬ ವಿದ್ಯಾರ್ಥಿ ಒಂದೇ ತಂಡದಲ್ಲಿ ಇರಬೇಕು. ಒಂದು ತಂಡ ಆ ವರ್ಷ ಒಂದೇ ವಿಭಾಗಕ್ಕೆ ಹೋಗಬೇಕು. ಕೋಚ್‌ಗೆ ಮಾತ್ರ ಈ ಕಟ್ಟು ಇಲ್ಲ, ಒಬ್ಬರೇ ಎಷ್ಟು ತಂಡ ಬೇಕಾದರೂ ನೋಡಿಕೊಳ್ಳಬಹುದು. ಹಾಗಾಗಿ ನೀವು ಎರಡೂ ತಂಡಗಳಿಗೆ ಕೋಚ್ ಆಗಿ, ಅದರಲ್ಲಿ ತೊಂದರೆ ಇಲ್ಲ.

ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಹೆಸರು ಒಂದು ಕಡೆ, ಕೆಲಸ ಎರಡು ಕಡೆ, ಅದಕ್ಕೇ ಜಾಸ್ತಿ ಹುಷಾರಾಗಿರಬೇಕು. ಡಬ್ಲ್ಯೂಆರ್‌ಒದಲ್ಲಿ ಇನ್ನೊಂದು ನಿಯಮ ಇದೆ, ಎಷ್ಟೋ ಕೋಚ್‌ಗಳು ಅದನ್ನು ಓದಿರುವುದೇ ಇಲ್ಲ. ಒಂದು ತಂಡದ ರೋಬೋಟ್ ಅಥವಾ ಪ್ರೋಗ್ರಾಂ ಅದೇ ಸ್ಪರ್ಧೆಯ ಇನ್ನೊಂದು ತಂಡದ್ದರ ಹಾಗೇ ಇದ್ದು, ಅದು ಆ ಮಕ್ಕಳ ಸ್ವಂತ ಕೆಲಸ ಅಲ್ಲ ಅಂತ ಕಂಡುಬಂದರೆ, ಕ್ರಮ ತೆಗೆದುಕೊಳ್ಳುತ್ತಾರೆ. ಒಂದೇ ಶಾಲೆಯ ತಂಡಗಳಾದರೂ ಸರಿ, ಒಂದೇ ದೇಶದ ತಂಡಗಳಾದರೂ ಸರಿ, ಇದು ಅನ್ವಯ ಆಗುತ್ತದೆ ಅಂತ ಬಿಡಿಸಿ ಬರೆದಿದ್ದಾರೆ. ಅಂಕ ಕಡಿತದಿಂದ ಹಿಡಿದು ಸ್ಪರ್ಧೆಯಿಂದಲೇ ಹೊರಗೆ ಕಳಿಸುವವರೆಗೆ ಏನು ಬೇಕಾದರೂ ಆಗಬಹುದು. ಒಬ್ಬಳೇ ಹುಡುಗಿ ಎರಡು ರೋಬೋಟ್‌ಗೆ ಬರೆದರೆ ಎರಡೂ ಪ್ರೋಗ್ರಾಂ ಅಣ್ಣತಮ್ಮಂದಿರ ಹಾಗೆ ಕಾಣದೆ ಇರುತ್ತದಾ? ಅವಳು ಪ್ರೋಗ್ರಾಂನ ತುಂಡುಗಳಿಗೆ ಇಡುವ ಹೆಸರು, ತಿರುವಿಗೆ ಹಾಕುವ ಲೆಕ್ಕ, ಎಲ್ಲ ಒಂದೇ ಕೈಬರಹ. ಲ್ಯಾಪ್‌ಟಾಪ್ ಎರಡೂ ಪಕ್ಕ ಪಕ್ಕ ಇಟ್ಟರೆ ಗೊತ್ತಾಗಿಬಿಡುತ್ತದೆ.

ನಾನು ಸ್ಪರ್ಧೆಗಳಲ್ಲಿ ಸ್ವಯಂಸೇವಕನಾಗಿ ತೀರ್ಪು ಕೊಡುತ್ತೇನೆ. ಅನುಮಾನ ಬಂದರೆ ನಾವು ಜಾಸ್ತಿ ಏನೂ ಮಾಡಲ್ಲ. ಮಕ್ಕಳ ಹತ್ತಿರ ಹೋಗಿ ಪ್ರೋಗ್ರಾಂನ ಒಂದು ಜಾಗ ತೋರಿಸಿ, ಇದನ್ನು ಯಾಕೆ ಹಾಕಿದಿರಿ, ಇದನ್ನು ತೆಗೆದರೆ ರೋಬೋಟ್ ಏನು ಮಾಡುತ್ತದೆ ಅಂತ ಕೇಳುತ್ತೇವೆ. ಬರೆದ ಮಗು ತಕ್ಷಣ ಹೇಳುತ್ತದೆ. ಕೈಯಲ್ಲಿ ತೋರಿಸುತ್ತದೆ, ರೋಬೋಟ್ ತಿರುಗುವುದನ್ನು ಮೈ ತಿರುಗಿಸಿ ತೋರಿಸುವ ಮಕ್ಕಳೂ ಇದ್ದಾರೆ. ಬರೆಯದ ಮಗು ಪಕ್ಕದ ಟೇಬಲ್ ಕಡೆ ನೋಡುತ್ತದೆ. ಆ ಹೊತ್ತಿಗೆ ಆ ಮಗುವಿನ ಮುಖ ನೋಡೋಕೆ ಆಗಲ್ಲ. ತಪ್ಪು ಅದರದ್ದಲ್ಲ, ದೊಡ್ಡವರು ಹಾಗೆ ವ್ಯವಸ್ಥೆ ಮಾಡಿ ಕಳಿಸಿರುತ್ತಾರೆ.

ಇನ್ನೊಂದು ವಿಷಯ. ನಿಯಮ ಪಕ್ಕಕ್ಕಿಟ್ಟರೂ ಸ್ಪರ್ಧೆಯ ದಿನ ಇದು ನಡೆಯುವ ಮಾತಲ್ಲ. ಅಭ್ಯಾಸದ ಸಮಯ ಎಲ್ಲ ತಂಡಗಳಿಗೂ ಒಟ್ಟಿಗೆ ಶುರುವಾಗುತ್ತದೆ, ಒಟ್ಟಿಗೆ ಮುಗಿಯುತ್ತದೆ. ಆಮೇಲೆ ಎಲ್ಲ ರೋಬೋಟ್‌ಗಳನ್ನೂ ತಂದು ಪರಿಶೀಲನೆ ಟೇಬಲ್ ಮೇಲೆ ಇಡಬೇಕು. ಇಟ್ಟ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಹಾಲ್‌ನ ಬೆಳಕು ನಿಮ್ಮ ಲ್ಯಾಬ್‌ನ ಬೆಳಕಿನ ಹಾಗಿರಲ್ಲ, ಸೆನ್ಸರ್ ಸಂಖ್ಯೆ ಎಲ್ಲ ಅಲ್ಲೇ ತಿದ್ದಬೇಕು. ಕೋಚ್ ಒಳಗೆ ಬಂದು ಹೇಳಿಕೊಡುವ ಹಾಗಿಲ್ಲ, ಮೊಬೈಲ್ ಕೂಡ ಇಲ್ಲ. ಆ ಹುಡುಗಿ ತನ್ನ ಟೇಬಲ್‌ನಲ್ಲಿ ಕೂತಿರುತ್ತಾಳೆ. ಇನ್ನೊಂದು ಟೇಬಲ್‌ನಲ್ಲಿ ಕೂತ ಮೂವರಿಗೆ ಒಂದು ಸಂಖ್ಯೆ ಬದಲಾಯಿಸೋಕೂ ಬರದಿದ್ದರೆ ಆ ರೋಬೋಟ್ ಮೊದಲ ತಿರುವಲ್ಲೇ ಗೆರೆ ಬಿಟ್ಟು ಹೋಗುತ್ತದೆ.

ಸ್ಥಳೀಯ ಸುತ್ತುಗಳಿಗೆ ದೇಶದ ಆಯೋಜಕರು ಕೆಲವು ನಿಯಮಗಳನ್ನು ಸ್ವಲ್ಪ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಈ ವರ್ಷದ ನಿಯಮ ಪುಸ್ತಕ ತೆಗೆದು ಒಂದು ಸಲ ಪೂರ್ತಿ ಓದಿ. ಒಂದು ತಂಡ ಅನ್ನುವ ಜಾಗದಲ್ಲಿ ಮಾತ್ರ ಸಡಿಲಿಕೆ ನಿರೀಕ್ಷಿಸಬೇಡಿ.

---

ಡಲ್ಲಾಸ್ ಕನ್ನಡಿಗ

ಮೇಲಿನವರು ಹೇಳಿದ್ದೆಲ್ಲ ಸರಿ ಇದೆ. ಬೇರೆ ಸ್ಪರ್ಧೆಗಳ ಬಗ್ಗೆ ಕೇಳಿದಿರಲ್ಲ ಸರ್, ಇಲ್ಲಿಯದ್ದು ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ವೆಕ್ಸ್ ಅನ್ನುವ ಶಾಲಾ ರೋಬೋಟ್ ಸ್ಪರ್ಧೆ ತುಂಬಾ ಜೋರು. 2022ರಿಂದ 2025ರವರೆಗೆ ವೆಕ್ಸ್ ವಿಶ್ವ ಕೂಟ ನಮ್ಮ ಊರಲ್ಲೇ ನಡೆಯಿತು. ನನ್ನ ಮಗ ಶಾಲೆಯ ತಂಡದಲ್ಲಿದ್ದಾನೆ, ನಾನು ಬೇರೆ ಪೋಷಕರ ಜೊತೆ ಟೂರ್ನಮೆಂಟ್‌ಗಳಲ್ಲಿ ಕೈ ಜೋಡಿಸುತ್ತೇನೆ.

ಇಲ್ಲಿ ಒಂದೇ ಶಾಲೆಯಿಂದ ನಾಲ್ಕೈದು ತಂಡ ಬರುವುದು ಮಾಮೂಲಿ. ಸಂಖ್ಯೆ ಒಂದೇ, ಹಿಂದೆ ಎ, ಬಿ, ಸಿ ಅಂತ ಅಕ್ಷರ. ಕೋಣೆ ಒಂದೇ, ಟೂಲ್ ಬಾಕ್ಸ್ ಒಂದೇ, ಹುಡುಗರು ಜೊತೆಗೇ ಊಟ ಮಾಡುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆ ಇಲ್ಲೂ ಪ್ರತಿ ವರ್ಷ ಏಳುತ್ತದೆ. ವೆಕ್ಸ್ ನಿಯಮ ಇದನ್ನು ಹೆಸರಿನ ಲೆಕ್ಕದಲ್ಲಿ ನೋಡಲ್ಲ, ಕೆಲಸದ ಲೆಕ್ಕದಲ್ಲಿ ನೋಡುತ್ತದೆ. ವಿನ್ಯಾಸ ಮಾಡುವವರು, ಕಟ್ಟುವವರು, ಕೋಡ್ ಬರೆಯುವವರು, ಓಡಿಸುವವರು ಅಂತ ಕೆಲಸಗಳನ್ನು ಹೆಸರಿಸಿದ್ದಾರೆ. ಒಂದು ಮಗು ತನ್ನ ತಂಡದಲ್ಲಿ ಈ ನಾಲ್ಕೂ ಕೆಲಸ ಮಾಡಬಹುದು. ಆದರೆ ಇವುಗಳಲ್ಲಿ ಒಂದನ್ನೂ ಆ ಸೀಸನ್‌ನಲ್ಲಿ ಇನ್ನೊಂದು ತಂಡಕ್ಕೆ ಮಾಡುವ ಹಾಗಿಲ್ಲ. ಹೆಸರು ಎಲ್ಲಿದೆ ಅನ್ನುವುದು ಆಮೇಲಿನ ಮಾತು.

ತಂಡ ಬದಲಾಯಿಸಲೇಬಾರದು ಅಂತ ಇಲ್ಲ. ಮಗುವಿಗೆ ಹುಷಾರಿಲ್ಲ, ಮನೆಯವರು ಬೇರೆ ಊರಿಗೆ ಹೋದರು, ತಂಡದೊಳಗೆ ಜಗಳವಾಗಿ ಒಡೆಯಿತು, ಎರಡು ತಂಡ ಸೇರಿ ಒಂದಾಯಿತು, ಇಂಥದಕ್ಕೆಲ್ಲ ಒಪ್ಪುತ್ತಾರೆ. ಗೆಲ್ಲುವ ಲೆಕ್ಕ ಹಾಕಿ ಬದಲಾಯಿಸುವುದಕ್ಕೆ ಒಪ್ಪಲ್ಲ. ಅದಕ್ಕೆ ಕೊಟ್ಟಿರುವ ಉದಾಹರಣೆಗಳು ನಿಮ್ಮ ಕೇಸಿಗೆ ತೀರಾ ಹತ್ತಿರ ಇವೆ ಸರ್. ಒಬ್ಬ ಪ್ರೋಗ್ರಾಮರ್ ತಂಡದಿಂದ ತಂಡಕ್ಕೆ ಹೋಗಿ ಹಲವು ರೋಬೋಟ್‌ಗಳಿಗೆ ಅದೇ ಪ್ರೋಗ್ರಾಂ ಬರೆಯುವುದು ಒಂದು. ಹಲವು ತಂಡಗಳ ಎಂಜಿನಿಯರಿಂಗ್ ನೋಟ್‌ಬುಕ್ (ರೋಬೋಟ್ ಹೇಗೆ ಮಾಡಿದೆವು ಅಂತ ತಂಡ ಬರೆದಿಡುವ ಪುಸ್ತಕ) ಒಬ್ಬನೇ ಬರೆಯುವುದು ಇನ್ನೊಂದು.

ಯಾಕೆ ಇಷ್ಟು ಬಿಗಿ ಅಂತ ಆಟದ ಒಳಗೆ ನೋಡಿದರೆ ಗೊತ್ತಾಗುತ್ತದೆ. ದೊಡ್ಡ ಮಕ್ಕಳ ವೆಕ್ಸ್ ಪಂದ್ಯ 2 ನಿಮಿಷದ್ದು. ಮೊದಲ 15 ಸೆಕೆಂಡ್ ರೋಬೋಟ್ ತಾನೇ ಓಡಬೇಕು, ಉಳಿದ 1 ನಿಮಿಷ 45 ಸೆಕೆಂಡ್ ಮಕ್ಕಳು ರಿಮೋಟ್‌ನಲ್ಲಿ ಓಡಿಸುತ್ತಾರೆ. ಈ ಕಡೆ ಎರಡು ತಂಡ, ಆ ಕಡೆ ಎರಡು ತಂಡ. ಲೀಗ್ ಪಂದ್ಯಗಳಲ್ಲಿ ಯಾರ ಜೊತೆ ಯಾರು, ಯಾರ ಎದುರು ಯಾರು ಅನ್ನುವುದನ್ನು ಕಂಪ್ಯೂಟರ್ ಹಂಚುತ್ತದೆ. ನಿಮ್ಮ ಎ ತಂಡ ಈ ಕಡೆ, ಬಿ ತಂಡ ಆ ಕಡೆ ಬಂದರೆ ಆ ಹುಡುಗಿ ಎಲ್ಲಿ ನಿಲ್ಲುತ್ತಾಳೆ? ಎರಡೂ ಕಡೆ ಅವಳದ್ದೇ ರೋಬೋಟ್. ಗೆದ್ದರೂ ಒಂದು ತಂಡದ ಮಕ್ಕಳಿಗೆ ಬೇಜಾರು, ಸೋತರಂತೂ ಅನುಮಾನ. ಹದಿಮೂರು ವರ್ಷದ ಮಗುವಿನ ಮೇಲೆ ಆ ಭಾರ ಹಾಕಬಾರದು.

ಫಸ್ಟ್ ಲೆಗೊ ಲೀಗ್ ಚಾಲೆಂಜ್ ಅಂತ ಇನ್ನೊಂದು ಮಕ್ಕಳ ರೋಬೋಟ್ ಸ್ಪರ್ಧೆ ಇದೆ, ಅದರಲ್ಲೂ ಒಂದು ಮಗುವಿಗೆ ಒಂದು ಸೀಸನ್‌ಗೆ ಒಂದೇ ತಂಡ. ಅಲ್ಲಿ ಒಂದು ತಂಡದಲ್ಲಿ 10 ಮಕ್ಕಳವರೆಗೆ ಇರಬಹುದು. ಹಾಗಾಗಿ ನಿಮ್ಮ ಆರೂ ಮಕ್ಕಳು ಒಂದೇ ತಂಡವಾಗಿ ಹೋಗಬಹುದು, ಈ ತಲೆನೋವೇ ಬರಲ್ಲ. ರೋಬೋಟ್ ಓಟದ ಜೊತೆ ಒಂದು ಪ್ರಾಜೆಕ್ಟ್ ಇರುತ್ತದೆ, ತೀರ್ಪುಗಾರರ ಮುಂದೆ ಮಕ್ಕಳು ಅದನ್ನು ಹೇಳಬೇಕು. ಹಾಗಾಗಿ ಎಲ್ಲರಿಗೂ ಕೆಲಸ ಸಿಗುತ್ತದೆ. ಮುಂದಿನ ವರ್ಷಕ್ಕೆ ಇದನ್ನು ಯೋಚನೆ ಮಾಡಿ.

ಇನ್ನು ಬೇರೆ ಬೇರೆ ಸ್ಪರ್ಧೆಗಳಲ್ಲಿ ಬೇರೆ ಬೇರೆ ತಂಡ ಅಂದರೆ, ಅದು ಮಾಮೂಲಿಯಾಗಿ ನಡೆಯುತ್ತದೆ. ಶಾಲೆಯಲ್ಲಿ ವೆಕ್ಸ್, ಅಕ್ಕಪಕ್ಕದ ಮಕ್ಕಳ ಜೊತೆ ಲೆಗೊ ಲೀಗ್, ಹೀಗೆ ಎರಡೂ ಆಡುವ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. ಸಂಘಟನೆ ಬೇರೆ, ಆಟ ಬೇರೆ, ನಿಯಮ ಅಡ್ಡ ಬರಲ್ಲ. ಅಡ್ಡ ಬರುವುದು ಕ್ಯಾಲೆಂಡರ್. ನವೆಂಬರ್, ಡಿಸೆಂಬರ್ ಬಂತು ಅಂದರೆ ಎರಡೂ ಕಡೆ ಟೂರ್ನಮೆಂಟ್, ಒಂದೇ ಶನಿವಾರಕ್ಕೆ ಎರಡೂ ಬೀಳುತ್ತವೆ. ಯಾವುದಾದರೂ ಒಂದು ತಂಡ ಕೈಕಟ್ಟಿ ಕೂರಬೇಕಾಗುತ್ತದೆ.

---

ದಾವಣಗೆರೆ ಅಮ್ಮ

ನನ್ನದೂ ಇದೇ ಥರದ ತೊಂದರೆ, ಇಲ್ಲೇ ಕೇಳಿಬಿಡುತ್ತೇನೆ. ಮಗ ಏಳನೇ ಕ್ಲಾಸ್. ಶಾಲೆಯವರು ಅವನನ್ನು ಡಬ್ಲ್ಯೂಆರ್‌ಒ ತಂಡಕ್ಕೆ ಸೇರಿಸಿದ್ದಾರೆ. ಭಾನುವಾರ ಹೋಗುವ ರೋಬೋಟಿಕ್ಸ್ ಕ್ಲಾಸಿನವರೂ ಅದೇ ಸ್ಪರ್ಧೆಗೆ ತಮ್ಮ ತಂಡದಲ್ಲಿ ಅವನ ಹೆಸರು ಕೊಟ್ಟಿದ್ದಾರಂತೆ, ನಮಗೆ ಹೇಳಿದ್ದು ಆಮೇಲೆ. ಕೇಳಿದರೆ "ಏನೂ ಆಗಲ್ಲ ಮೇಡಂ, ವಿಭಾಗ ಬೇರೆ" ಅನ್ನುತ್ತಾರೆ. ಫೀಸೂ ತೆಗೆದುಕೊಂಡಿದ್ದಾರೆ. ಮಗನಿಗೆ ಎರಡೂ ಕಡೆ ಸ್ನೇಹಿತರಿದ್ದಾರೆ, ಯಾವುದನ್ನೂ ಬಿಡಲ್ಲ ಅಂತ ಅಳುತ್ತಾನೆ. ಏನು ಮಾಡಲಿ?

---

ತೀರ್ಪುಗಾರ, ಬೆಂಗಳೂರು

ಮೇಡಂ, ವಿಭಾಗ ಬೇರೆಯಾದರೂ ಆಗಲ್ಲ. ಒಬ್ಬ ವಿದ್ಯಾರ್ಥಿ ಒಂದೇ ತಂಡ, ಆ ತಂಡ ಒಂದೇ ವಿಭಾಗ. ಎರಡೂ ಸೇರಿಸಿ ಓದಿದರೆ ಸಂದು ಎಲ್ಲೂ ಇಲ್ಲ. ಎರಡು ಕಡೆ ಹೆಸರಿದೆ ಅಂತ ಸ್ಪರ್ಧೆಯ ದಿನ ಗೊತ್ತಾದರೆ ನಿಮ್ಮ ಮಗನಿಗಷ್ಟೇ ಅಲ್ಲ, ಎರಡೂ ತಂಡದ ಉಳಿದ ಮಕ್ಕಳಿಗೂ ತೊಂದರೆ.

ಈ ವಾರವೇ ತೀರ್ಮಾನ ಮಾಡಿ. ಬಿಡುವ ತಂಡದವರಿಗೆ ಬರಹದಲ್ಲಿ ತಿಳಿಸಿ, ವಾಟ್ಸಾಪ್ ಸಂದೇಶ ಆದರೂ ಸಾಕು, ಹೆಸರು ತೆಗೆದಿದ್ದಕ್ಕೆ ಅವರಿಂದ ಉತ್ತರ ತರಿಸಿಕೊಳ್ಳಿ. ಫೀಸು ವಾಪಸ್ ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮನ್ನು ಕೇಳದೆ ಮಗುವಿನ ಹೆಸರು ಕೊಟ್ಟಿದ್ದೇ ಸರಿಯಲ್ಲ. ಮಗನಿಗೆ ಒಂದು ಮಾತು ಹೇಳಿ. ಭಾನುವಾರದ ಕ್ಲಾಸಿಗೆ ಹೋಗಿ ಕಲಿಯುವುದನ್ನು ಯಾರೂ ತಡೆಯಲ್ಲ, ಸ್ನೇಹಿತರೂ ಅಲ್ಲೇ ಇರುತ್ತಾರೆ. ಸ್ಪರ್ಧೆಯಲ್ಲಿ ಮಾತ್ರ ಒಂದು ತಂಡ.

---

ಕೊಪ್ಪಳದಿಂದ

ನನಗೆ ಈ ನಿಯಮ ಸರಿ ಕಾಣುವುದಿಲ್ಲ, ಬಾಯಿಬಿಟ್ಟೇ ಹೇಳುತ್ತೇನೆ. ಬೆಂಗಳೂರಿನ ದೊಡ್ಡ ಶಾಲೆಗೆ ಇದರಿಂದ ಏನೂ ನಷ್ಟ ಇಲ್ಲ. ಅಲ್ಲಿ ಕೋಡ್ ಬರೆಯುವ ಮಕ್ಕಳು ಕ್ಲಾಸಿಗೆ ಹತ್ತು ಜನ. ನಮ್ಮ ಕಡೆ ಶಾಲೆಗಳಲ್ಲಿ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಗು ಒಂದು ಸಿಕ್ಕರೆ ಪುಣ್ಯ. ಆ ಒಂದು ಮಗು ಎರಡು ತಂಡಕ್ಕೆ ಕೈ ಕೊಟ್ಟರೆ ಯಾರ ಗಂಟು ಹೋಗುತ್ತದೆ? ಇನ್ನೂ ಮೂರು ಮಕ್ಕಳು ಬಸ್ ಹತ್ತಿ ಸ್ಪರ್ಧೆ ನೋಡಿ ಬರುತ್ತಾರೆ. ಆ ಹಾಲ್ ಒಳಗೆ ಕಾಲಿಡುವುದೇ ನಮ್ಮ ಮಕ್ಕಳಿಗೆ ದೊಡ್ಡ ಪಾಠ. ನಿಯಮ ಮಾಡಿದವರಿಗೆ ಇದು ಗೊತ್ತಿಲ್ಲ.

---

ತೀರ್ಪುಗಾರ, ಬೆಂಗಳೂರು

ನಿಮ್ಮ ನೋವು ನಿಜ ಸರ್. ಲ್ಯಾಪ್‌ಟಾಪ್ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಈ ನಿಯಮ ಸಡಿಲ ಮಾಡಿದರೆ ಮೊದಲು ಲಾಭ ಮಾಡಿಕೊಳ್ಳುವವರು ಯಾರು ಅಂತ ಯೋಚನೆ ಮಾಡಿ. ನಿಮ್ಮ ಶಾಲೆ ಒಂದು ಮಗುವನ್ನು ಎರಡು ತಂಡಕ್ಕೆ ಹಾಕುತ್ತದೆ. ದುಡ್ಡಿರುವ ತರಬೇತಿ ಕೇಂದ್ರ ತನ್ನ ಅತ್ಯಂತ ಚುರುಕು ಹುಡುಗನನ್ನು ಎಂಟು ತಂಡಕ್ಕೆ ಹಾಕುತ್ತದೆ. ಪ್ರತಿ ತಂಡದಲ್ಲೂ ಫೀಸು ಕಟ್ಟಿದ ಇಬ್ಬರು ಮಕ್ಕಳು, ಜೊತೆಗೆ ಅದೇ ಹುಡುಗ. ಮೊದಲ ಮೂರೂ ಬಹುಮಾನ ಒಂದೇ ತಲೆಗೆ ಹೋಗುತ್ತದೆ. ಕೊಪ್ಪಳದಿಂದ ಬಂದ ತಂಡ ಒಂಬತ್ತನೆಯದು ಆಗುತ್ತದೆ. ಸಣ್ಣ ಶಾಲೆಗೆ ಈಗ ಉಳಿದಿರುವ ರಕ್ಷಣೆಯೇ ಈ ನಿಯಮ ಅಂತ ನಾನು ನಂಬಿದ್ದೇನೆ.

ಮಕ್ಕಳು ಹಾಲ್ ನೋಡಬೇಕು ಅನ್ನುವುದಕ್ಕೆ ಪೂರ್ತಿ ಒಪ್ಪುತ್ತೇನೆ. ಸ್ಪರ್ಧಿಗಳಲ್ಲದ ಮಕ್ಕಳನ್ನೂ ಪ್ರೇಕ್ಷಕರಾಗಿ ಕರೆದುಕೊಂಡು ಬನ್ನಿ. ಮೊದಲೇ ಕೇಳಿದರೆ ಆಯೋಜಕರು ಸಾಮಾನ್ಯವಾಗಿ ಜಾಗ ಮಾಡಿಕೊಡುತ್ತಾರೆ.

---

ಮೈಸೂರು ಎಂಜಿನಿಯರಿಂಗ್ ಹುಡುಗಿ

ಮೇಷ್ಟ್ರೇ, ನಾನು ಹೈಸ್ಕೂಲಲ್ಲಿ ಇದೇ ಸ್ಪರ್ಧೆ ಆಡಿ ಬಂದವಳು, ಈಗ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ನಿಯಮದ ಮಾತು ಮೇಲಿನವರು ಮುಗಿಸಿದ್ದಾರೆ. ನನಗೆ ಆ ಹುಡುಗಿಯ ಬಗ್ಗೆ ಮತ್ತು ಸುತ್ತ ನಿಂತ ಐದು ಮಕ್ಕಳ ಬಗ್ಗೆ ಹೇಳಬೇಕು ಅನ್ನಿಸಿತು.

ತಂಡದಲ್ಲಿ ಒಬ್ಬರಿಗೇ ಕೋಡ್ ಬಂದರೆ ಉಳಿದವರು ಕಲಿಯುವುದೇ ಇಲ್ಲ. ಅವರಿಗೆ ಬುದ್ಧಿ ಇಲ್ಲ ಅಂತ ಅಲ್ಲ, ಲ್ಯಾಪ್‌ಟಾಪ್ ಅವರ ಕೈಗೆ ಬರುವುದೇ ಇಲ್ಲ. ಚೆನ್ನಾಗಿ ಬರುವವಳು ಬೇಗ ಮಾಡಿ ಮುಗಿಸುತ್ತಾಳೆ, ಹಾಗಾಗಿ ಎಲ್ಲರೂ ಅವಳಿಗೇ ಕೊಡುತ್ತಾರೆ. ಎರಡು ತಂಡದ ಕೆಲಸವನ್ನೂ ಅವಳಿಗೆ ಕೊಟ್ಟರೆ ಇದು ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ವರ್ಷ ಅವಳು ಹತ್ತನೇ ಕ್ಲಾಸು, ಮನೆಯವರು ಪರೀಕ್ಷೆ ಅಂತ ಬಿಡಿಸುತ್ತಾರೆ. ಆಗ ನಿಮ್ಮ ಲ್ಯಾಬ್‌ನಲ್ಲಿ ಬರೆಯುವವರು ಯಾರು?

ನೀವು ಮಾಡಬಹುದಾದ್ದು ಹೇಳುತ್ತೇನೆ. ತಂಡಗಳನ್ನು ಇವತ್ತೇ ಮಾಡಿಬಿಡಿ, ಹೆಸರು ಬರೆದು ಲ್ಯಾಬ್ ಗೋಡೆಗೆ ಅಂಟಿಸಿ. ಅವಳ ತಂಡ ಒಂದು. ಇನ್ನೊಂದು ತಂಡದಲ್ಲಿ ಗಣಿತದಲ್ಲಿ ಆಸಕ್ತಿ ಇರುವ ಇಬ್ಬರನ್ನು ಕೋಡಿಂಗ್‌ಗೆ ಹಾಕಿ, ಒಬ್ಬರು ಸಾಲದು. ಇಬ್ಬರೂ ಒಂದೇ ಲ್ಯಾಪ್‌ಟಾಪ್ ಮುಂದೆ ಕೂರಲಿ. ಒಬ್ಬ ಕೀಬೋರ್ಡ್ ಹಿಡಿಯಬೇಕು, ಇನ್ನೊಬ್ಬ ಬಾಯಲ್ಲಿ ಹೇಳಬೇಕು, ಮುಟ್ಟಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಮೊದಮೊದಲು ನಿಧಾನ ಆಗುತ್ತದೆ, ನೋಡುವವರಿಗೆ ತಾಳ್ಮೆ ಕೆಡುತ್ತದೆ, ಆದರೂ ಆ ಹುಡುಗಿಯನ್ನು ಕರೆಯಬೇಡಿ.

ಅವರಿಗೆ ಪೂರ್ತಿ ಆಟ ಒಂದೇ ಸಲ ಕೊಡಬೇಡಿ. ಮೊದಲು ನೇರ 50 ಸೆಂಟಿಮೀಟರ್ ಹೋಗಿ ನಿಲ್ಲಲಿ. ಅಳತೆಪಟ್ಟಿ ಇಟ್ಟು ನೋಡಲಿ. ಚಕ್ರದ ಸುತ್ತಳತೆ ಎಷ್ಟು, ಎಷ್ಟು ಸುತ್ತು ಹಾಕಬೇಕು, ಇದು ನಿಮ್ಮ ಪಾಠವೇ ಅಲ್ವಾ ಮೇಷ್ಟ್ರೇ, ಪೈ ಗುಣಿಸು ವ್ಯಾಸ. ಅದು ಸರಿಯಾದ ಮೇಲೆ 90 ಡಿಗ್ರಿ ತಿರುವು. ಚಕ್ರಗಳ ನಡುವಿನ ಅಗಲ ಅಳೆದು ಲೆಕ್ಕ ಹಾಕಲಿ. ಲೆಕ್ಕ ಸರಿ ಇದ್ದರೂ ರೋಬೋಟ್ ಸ್ವಲ್ಪ ಹೆಚ್ಚು ಕಡಿಮೆ ತಿರುಗುತ್ತದೆ. ಯಾಕೆ ಅಂತ ಅವರೇ ಹುಡುಕಲಿ. ಟೈರ್ ಜಾರುತ್ತದೆ, ಬ್ಯಾಟರಿ ಇಳಿದಿರುತ್ತದೆ, ಮ್ಯಾಟ್ ಮಡಿಚಿರುತ್ತದೆ. ಗೆರೆ ಹಿಂದೆ ಹೋಗುವುದು ಕೊನೆಗೆ ಬರಲಿ. ನೇರ ಹೋಗುವುದು, ತಿರುಗುವುದು, ಗೆರೆ ಹಿಡಿಯುವುದು, ಎತ್ತಿ ಇಳಿಸುವುದು, ಈ ನಾಲ್ಕು ಬಂದರೆ ಜೂನಿಯರ್ ಮ್ಯಾಟ್ ಮೇಲೆ ಒಂದಷ್ಟು ಅಂಕ ಖಂಡಿತ ಸಿಗುತ್ತದೆ. ಓಟಕ್ಕೆ ಇರುವುದು 2 ನಿಮಿಷ. ಎಲ್ಲ ಕೆಲಸ ಮುಗಿಸಲೇಬೇಕು ಅಂತ ಇಲ್ಲ, ಗ್ಯಾರಂಟಿ ಇರುವ ಎರಡು ಕೆಲಸ ಪ್ರತಿ ಸಲ ಸರಿಯಾಗಿ ಮಾಡುವ ತಂಡ ಎಷ್ಟೋ ತಂಡಗಳಿಗಿಂತ ಮೇಲೆ ನಿಲ್ಲುತ್ತದೆ.

ಆ ಹುಡುಗಿ ಸಹಾಯ ಮಾಡಲೇಬಾರದಾ ಅಂದರೆ, ಕಲಿಸಬಹುದು. ಕಪ್ಪು ಹಲಗೆ ಮೇಲೆ ಗೆರೆ ಹಿಡಿಯುವುದು ಹೇಗೆ ಕೆಲಸ ಮಾಡುತ್ತದೆ ಅಂತ ಆರೂ ಜನರಿಗೆ ಒಂದು ದಿನ ಪಾಠ ಮಾಡಲಿ. ಸೆನ್ಸರ್ ಅಳೆಯುವುದು ಹೇಗೆ ಅಂತ ತೋರಿಸಲಿ. ಆದರೆ ಪೆನ್‌ಡ್ರೈವ್‌ನಲ್ಲಿ ಅವಳ ಫೈಲ್ ಇನ್ನೊಂದು ತಂಡದ ಲ್ಯಾಪ್‌ಟಾಪ್‌ಗೆ ಹೋಗಬಾರದು. ಅವರ ಪ್ರೋಗ್ರಾಂ ಕೆಟ್ಟರೆ ಅವಳು ಪ್ರಶ್ನೆ ಕೇಳಬಹುದು, ಕೀಬೋರ್ಡ್ ಮುಟ್ಟಬಾರದು. ನಮ್ಮ ಶಾಲೆಯಲ್ಲಿ ಇದೇ ಪದ್ಧತಿ ಇತ್ತು. ಪಕ್ಕದ ತಂಡದವಳು ನನ್ನ ಹಿಂದೆ ಕೈ ಕಟ್ಟಿ ನಿಂತು, "ಸೆನ್ಸರ್ ಈಗ ಎಷ್ಟು ತೋರಿಸ್ತಿದೆ? ನೀನು ಎಷ್ಟು ಅಂದುಕೊಂಡಿದ್ದೆ?" ಅಂತ ಎರಡೇ ಮಾತು ಕೇಳುತ್ತಿದ್ದಳು. ಅಷ್ಟರಲ್ಲೇ ನನಗೆ ಎಲ್ಲಿ ಹೋಗಿದೆ ಅಂತ ಹೊಳೆಯುತ್ತಿತ್ತು.

ಎರಡು ರೋಬೋಟ್ ಬೇರೆ ಬೇರೆ ಥರ ಇರಲಿ ಅಂತಲೂ ನೋಡಿಕೊಳ್ಳಿ. ಕಿಟ್ ಹಂಚಿಕೊಂಡರೆ ಮಕ್ಕಳು ಒಂದನ್ನು ನೋಡಿ ಇನ್ನೊಂದನ್ನು ಹಾಗೇ ಕಟ್ಟಿಬಿಡುತ್ತಾರೆ. ಒಂದು ತಂಡ ಎತ್ತುವ ಕೈ ಮುಂದೆ ಇಟ್ಟರೆ ಇನ್ನೊಂದು ತಂಡ ತನಗೆ ಬೇಕಾದ ಹಾಗೆ ಯೋಚಿಸಲಿ. ಇಬ್ಬರೂ ಒಂದೊಂದು ನೋಟ್‌ಬುಕ್ ಇಟ್ಟು ದಿನಾಂಕ ಹಾಕಿ, ಇವತ್ತು ಏನು ಮಾಡಿದೆವು, ಏನು ಕೆಟ್ಟಿತು ಅಂತ ನಾಲ್ಕು ಸಾಲು ಬರೆಯಲಿ. ನಾಳೆ ಯಾರಾದರೂ ಕೇಳಿದರೆ ಅದು ಅವರ ಕೆಲಸ ಅನ್ನುವುದಕ್ಕೆ ಸಾಕ್ಷಿಯೂ ಆಗುತ್ತದೆ.

---

ಗಣಿತ ಮೇಷ್ಟ್ರು, ಸಾಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಒಂದೇ ಶಾಲೆಯ ತಂಡಗಳ ಪ್ರೋಗ್ರಾಂ ಒಂದೇ ಥರ ಇರಬಾರದು ಅನ್ನುವ ನಿಯಮವನ್ನು ಇವತ್ತು ಪುಸ್ತಕದಲ್ಲಿ ಹುಡುಕಿ ಓದಿದೆ.

ಇವತ್ತು ಮಕ್ಕಳನ್ನು ಕೂರಿಸಿ ಮಾತಾಡಿದೆ. ಆ ಹುಡುಗಿಗೆ ಮೊದಲು ಸ್ವಲ್ಪ ಬೇಜಾರಾಯಿತು. ಅವಳಿಗೆ ಎರಡೂ ರೋಬೋಟ್ ತನ್ನದೇ ಅನ್ನಿಸಿಬಿಟ್ಟಿದೆ. ಹಲಗೆ ಮೇಲೆ ಪಾಠ ಮಾಡುವುದು ನಿನ್ನದೇ ಅಂದ ಮೇಲೆ ಒಪ್ಪಿದಳು. ಎರಡನೇ ತಂಡದಲ್ಲಿ ಕೋಡಿಂಗ್‌ಗೆ ಮುಂದೆ ಬಂದದ್ದು ನಾನು ಅಂದುಕೊಂಡ ಮಕ್ಕಳಲ್ಲ, ಗೇರ್ ಹಾಕುವುದರಲ್ಲಿ ಮುಂದಿರುವ ಇಬ್ಬರು ಹುಡುಗರು. ಸುತ್ತಳತೆ ಲೆಕ್ಕ ಹಾಕಿ 50 ಸೆಂಟಿಮೀಟರ್ ಓಡಿಸಿದರು, ಸಂಜೆ ಹೊತ್ತಿಗೆ ಹತ್ತಿರ ಹತ್ತಿರ ಬಂತು.

ಇನ್ನೊಂದು ಸಣ್ಣ ಸಂಶಯ. ಕೊನೆ ಗಳಿಗೆಯಲ್ಲಿ ಒಬ್ಬ ಹುಡುಗನನ್ನು ಮನೆಯವರು ಕಳಿಸದಿದ್ದರೆ? ಆ ತಂಡದಲ್ಲಿ ಇಬ್ಬರೇ ಉಳಿಯುತ್ತಾರೆ. ಆಗ ಆ ಕಡೆಯಿಂದ ಒಬ್ಬರನ್ನು ಈ ಕಡೆಗೆ ಹಾಕಬೇಕಾ?

---

ತೀರ್ಪುಗಾರ, ಬೆಂಗಳೂರು

ಬೇಡ. ಇಬ್ಬರಿದ್ದರೂ ಅದು ತಂಡವೇ, ಆಡಬಹುದು. ಒಬ್ಬರೇ ಉಳಿದರೆ ಮಾತ್ರ ಆಗಲ್ಲ, ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ಕೋಚ್ ಸೇರಿ ತಂಡ ಅನ್ನಿಸಿಕೊಳ್ಳಲ್ಲ. ಹೆಸರು ಕೊಟ್ಟ ಮೇಲೆ ಏನೇ ಬದಲಾವಣೆ ಇದ್ದರೂ ಆಯೋಜಕರಿಗೆ ಮೊದಲೇ ಮೇಲ್ ಹಾಕಿ. ಮಕ್ಕಳ ವಯಸ್ಸನ್ನೂ ಒಂದು ಸಲ ನೋಡಿಕೊಳ್ಳಿ, ಜೂನಿಯರ್ ಗುಂಪು 11ರಿಂದ 15 ವರ್ಷದವರಿಗೆ. ಒಂಬತ್ತನೇ ಕ್ಲಾಸಿನಲ್ಲಿ ಯಾರಾದರೂ ವಯಸ್ಸು ದಾಟಿದವರಿದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು.